ಊರಲ್ಲೇ ಇದ್ದೂ ಊರು ಕಳೆದುಕೊಂಡವರು

ಗಣಿಧೂಳು ಹೊಲ ಮುಚ್ಚಿದಂದಿನಿಂದ ನಿದ್ದೆಯಿಲ್ಲ, ಇದು ಕಾಯಿಲೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಆಸ್ಟ್ರೇಲಿಯಾದ ಹಂಟರ್ ಕಣಿವೆಯ ಜನರನ್ನೂ ಇದೇ ಸಂಕಟ ಹಿಂಡಿತ್ತು. ತೆರೆದ ಕಲ್ಲಿದ್ದಲು ಗಣಿಗಳ ಸ್ಫೋಟ, ಧೂಳು, ರಾತ್ರಿಯಿಡೀ ಉರಿಯುವ ದೀಪಗಳು. ಮನೆ ಅಲ್ಲೇ ಇದೆ, ನೆಮ್ಮದಿ ಇಲ್ಲ. ಈ ನೋವನ್ನು ತತ್ವಜ್ಞಾನಿ ಗ್ಲೆನ್ ಆಲ್ಬ್ರೆಕ್ಟ್ ‘ಸೊಲಾಸ್ಟಾಲ್ಜಿಯಾ’ ಎಂದು ಕರೆದರು. ಅದನ್ನು ಅಳೆಯಲು ಅವರೂ ಸಹೋದ್ಯೋಗಿಗಳೂ ರೂಪಿಸಿದ ಪ್ರಶ್ನಾವಳಿ 2006ರಲ್ಲಿ ಪ್ರಕಟವಾಯಿತು. ಗಣಿಗಳ ನಡುವಿನ ಸಿಂಗಲ್ಟನ್ ನಿವಾಸಿಗಳ ಅಂಕಗಳು ಕೃಷಿಪ್ರದೇಶ ಡಂಗಾಗ್‌ನವರಿಗಿಂತ ಹೆಚ್ಚಿದ್ದವು.

ಹಾಗಾಗಿ ಇದು ಮನಸ್ಸಿನ ದೌರ್ಬಲ್ಯ ಖಂಡಿತ ಅಲ್ಲ. ಆದರೆ ಆ ಅಂಕ ರೋಗನಿರ್ಣಯವೂ ಅಲ್ಲ.

ಧೂಳು ಬಿದ್ದ ದಿನ, ನಿದ್ದೆಗೆಟ್ಟ ರಾತ್ರಿಗಳನ್ನು ಓದುಗರು ಬರೆದಿಟ್ಟುಕೊಳ್ಳಲಿ. ವೈದ್ಯರಿಗೂ ಗ್ರಾಮಸಭೆಗೂ ಆ ದಾಖಲೆ ಬೇಕಾಗುತ್ತದೆ. ನಿದ್ದೆಗೇಡು ಮುಂದುವರಿದರೆ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ. ಸೇವೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.