ಎರಡು ಕ್ಯಾಮೆರಾ, ಒಂದೇ ಮಸೂರ: 'ಹೋಲಿಸಿರಿ' ಎಂಬ ಕ್ರಿಯಾಪದದ ಬಗ್ಗೆ ಮೂರು ಪಾಠಗಳು

ನಮ್ಮ ಪಾಠ ಯೋಜನೆಗಳಲ್ಲಿ 'ಹೋಲಿಸುವರು' ಎಂಬ ಕಲಿಕಾ ಫಲ ಪದೇ ಪದೇ ಬರುತ್ತದೆ. ತರಗತಿಯಲ್ಲಿ ಅದು ಬಹುಮಟ್ಟಿಗೆ ಎರಡು ಕಾಲಂಗಳ ಪಟ್ಟಿಯಾಗಿ ಮುಗಿಯುತ್ತದೆ. 'ವ್ಯತ್ಯಾಸ ಬರೆಯಿರಿ' ಎಂಬ ಪರೀಕ್ಷೆಯ ಪ್ರಶ್ನೆಗೆ ಆ ಪಟ್ಟಿ ಸಾಕು, ಆದರೆ ಹೋಲಿಸುವುದನ್ನು ಅದು ಕಲಿಸುವುದಿಲ್ಲ. ಈ ಬಾರಿಯ ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಯ ಬೆಳಕಿನ ಘಟಕಕ್ಕೆ ಅನ್ವಯ ಪಾಠವಾಗಿ ಒಂದು ಹಳೆಯ ಮತ್ತು ಒಂದು ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ತೆಗೆದುಕೊಂಡೆವು. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಮೂರು ಪ್ರೌಢಶಾಲೆಗಳಲ್ಲಿ ಪಾಠ ನಡೆಯಿತು. ಬಳ್ಳಾರಿಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಮಾಡಿದ ಪಾಠವನ್ನು ನಾನು ಅವಲೋಕಿಸಿದೆ. ಉಳಿದ ಎರಡು ಕಡೆ ಅವರೂ ನಾನೂ ಹಂಚಿಕೊಂಡು ಕಲಿಸಿದೆವು.

ಹಳೆಯದು ನಿಕಾನ್ ಡಿ70. 2004ರ ಮಾದರಿ, ನಮ್ಮ ಕಾಲೇಜಿನ ಕಪಾಟಿನಲ್ಲಿತ್ತು. ಹೊಸದು ನಿಕಾನ್ ಡಿ3400. 2016ರದು, ಪ್ರಶಿಕ್ಷಣಾರ್ಥಿಯ ಸ್ವಂತದ್ದು. ಇಂದಿನ ಮಾರುಕಟ್ಟೆಯಲ್ಲಿ ಅದೂ ಹೊಸದಲ್ಲ. ಆದರೆ ಎರಡರ ನಡುವೆ ಹನ್ನೆರಡು ವರ್ಷಗಳ ಅಂತರವಿದೆ, ಎರಡೂ ಒಂದೇ ಕಂಪನಿಯವು, ಮಸೂರ ಕೂರುವ ಬಾಯಿ ಎರಡರಲ್ಲೂ ಒಂದೇ. ನಮ್ಮ ಪಾಠಕ್ಕೆ ಬೇಕಾದದ್ದು ಈ ಕೊನೆಯ ಅಂಶವೇ.

ಬಳ್ಳಾರಿಯ ಪಾಠ ಪಟ್ಟಿಯಿಂದಲೇ ಶುರುವಾಯಿತು. ಹಲಗೆಯ ಮೇಲೆ 6 ಮೆಗಾಪಿಕ್ಸೆಲ್, 24 ಮೆಗಾಪಿಕ್ಸೆಲ್. ಸೆಕೆಂಡಿಗೆ 3 ಚಿತ್ರ, 5 ಚಿತ್ರ. ಹಿಂದಿನ ಪರದೆ 1.8 ಇಂಚು, 3 ಇಂಚು. ಐಎಸ್‌ಒ ಗರಿಷ್ಠ 1600, 25600. ಮಕ್ಕಳು ಬರೆದುಕೊಂಡರು. 'ಯಾವುದು ಉತ್ತಮ?' ಎಂದು ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ 'ಹೊಸದು' ಎಂದಿತು. ದೊಡ್ಡ ಸಂಖ್ಯೆ ಯಾವ ಕಾಲಂನಲ್ಲಿದೆ ಎಂದು ನೋಡಿದರೆ ಸಾಕಿತ್ತು, ಕ್ಯಾಮೆರಾ ನೋಡುವ ಅಗತ್ಯವೇ ಇರಲಿಲ್ಲ.

ಪಾಠದ ಉಳಿದರ್ಧವನ್ನು ಉಳಿಸಿದ್ದು ಶಾಲೆಯ ಮಹಡಿ. ಅಲ್ಲಿಂದ ಬಳ್ಳಾರಿ ಗುಡ್ಡ ಮತ್ತು ಅದರ ಮೇಲಿನ ಕೋಟೆಯ ಗೋಡೆ ಸ್ಪಷ್ಟವಾಗಿ ಕಾಣುತ್ತವೆ. ಒಂದೇ ಜಾಗದಲ್ಲಿ ಟ್ರೈಪಾಡ್ ಇಟ್ಟು, 18–70 ಮಿ.ಮೀ. ಮಸೂರವನ್ನು ಮೊದಲು ಹಳೆಯದಕ್ಕೆ, ನಂತರ ಹೊಸದಕ್ಕೆ ಹಾಕಿ, ಎರಡರಲ್ಲೂ ಐಎಸ್‌ಒ 200, ಎಫ್/8, 1/800 ಸೆಕೆಂಡ್ ಎಂದು ಕೈಯಾರೆ ಹೊಂದಿಸಿ ಗುಡ್ಡದ ಚಿತ್ರ ತೆಗೆದೆವು. ಮರುದಿನ ಸ್ಟುಡಿಯೋದಲ್ಲಿ 4×6 ಇಂಚಿನ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಮಾತ್ರ ಗುರುತು ಬರೆದು ಮಕ್ಕಳ ಕೈಗೆ ಕೊಟ್ಟೆವು. ಯಾವುದು ಹೊಸ ಕ್ಯಾಮೆರಾದ್ದು ಎಂದು ಚೀಟಿಯಲ್ಲಿ ಬರೆಯಬೇಕು, ಪಕ್ಕದವರೊಂದಿಗೆ ಮಾತಾಡುವಂತಿಲ್ಲ. ಚೀಟಿಗಳನ್ನು ಎಣಿಸಿದಾಗ ತರಗತಿ ಹೆಚ್ಚುಕಡಿಮೆ ಎರಡು ಹೋಳಾಗಿತ್ತು. ತಪ್ಪಾಗಿ ಬರೆದವರಲ್ಲಿ ಹಲವರು ಕೊಟ್ಟ ಕಾರಣ, 'ಇದರಾಗ ಆಕಾಶ ಜಾಸ್ತಿ ನೀಲಿ ಐತಿ.' ಅದು ಹಳೆಯ ಕ್ಯಾಮೆರಾದ ಚಿತ್ರ.

ಇಲ್ಲಿ ಎರಡು ವಿಷಯ ಸಿಕ್ಕವು. ಬಣ್ಣ ಎಷ್ಟು ಗಾಢವಾಗಿರಬೇಕು ಎಂಬುದನ್ನು ಆಯಾ ಕ್ಯಾಮೆರಾದೊಳಗಿನ ಸಂಸ್ಕರಣೆ ನಿರ್ಧರಿಸುತ್ತದೆ, ಅದನ್ನು ನಾವು ಸಮ ಮಾಡಿರಲಿಲ್ಲ. ನಿಯಂತ್ರಿಸಬೇಕಾದ ಚರಾಂಶ ಯಾವುದು ಎಂಬ ಮಾತು ಹೀಗೆ ಮಕ್ಕಳಿಂದಲೇ ಬಂತು. ಇನ್ನೊಂದು ಲೆಕ್ಕದ್ದು. 4×6 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕಿಯಂತೆ 1200×1800, ಅಂದರೆ 21.6 ಲಕ್ಷ ಪಿಕ್ಸೆಲ್ ಸಾಕು. ಹಳೆಯದರಲ್ಲಿ 3008×2000, ಅಂದರೆ 60 ಲಕ್ಷಕ್ಕೂ ಹೆಚ್ಚು ಇವೆ. ಹೊಸದರಲ್ಲಿ 6000×4000, ಅಂದರೆ 2.4 ಕೋಟಿ. ಬೇಕಾದದ್ದು ಎರಡು ಚೊಂಬು ನೀರು, ಒಬ್ಬರ ಬಳಿ ಆರು ಚೊಂಬು, ಇನ್ನೊಬ್ಬರ ಬಳಿ ಇಪ್ಪತ್ತನಾಲ್ಕು. ಇಬ್ಬರ ದಾಹವೂ ಅಷ್ಟೇ ತೀರುತ್ತದೆ.

ಈ ಪಾಠ ಮಾಡುವವರಿಗೆ ಒಂದು ಎಚ್ಚರಿಕೆ: ಚಿತ್ರಗಳ ವ್ಯತ್ಯಾಸವನ್ನು ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್‌ನಲ್ಲಿ ತೋರಿಸಲು ಹೋಗಬೇಡಿ. 1920×1080ರ ಪ್ರೊಜೆಕ್ಟರ್ ಒಟ್ಟು 20.7 ಲಕ್ಷ ಚುಕ್ಕಿಗಳನ್ನಷ್ಟೇ ತೋರಿಸಬಲ್ಲದು. ಇಡೀ ಚಿತ್ರವನ್ನು ಹಾಕಿದರೆ ಎರಡೂ ಒಂದೇ ಆಗಿ ಕಾಣುತ್ತವೆ, ಮಕ್ಕಳು ವ್ಯತ್ಯಾಸವೇ ಇಲ್ಲ ಎಂಬ ಮತ್ತೊಂದು ತುದಿಗೆ ಹೋಗುತ್ತಾರೆ.

ಸಿರುಗುಪ್ಪಕ್ಕೆ ಹೋಗುವಾಗ ಪಟ್ಟಿಯನ್ನು ಬಿಟ್ಟೆವು. ಮಸೂರ ತೆಗೆದು ಎರಡೂ ಕ್ಯಾಮೆರಾಗಳ ಬಾಯನ್ನು ತೋರಿಸಿ, ಮುಟ್ಟದೆ ಒಳಗೆ ಇಣುಕಲು ಹೇಳಿದೆವು. ಒಳಗೆ ಓರೆಯಾಗಿ ನಿಂತ ದರ್ಪಣ ಕಾಣುತ್ತದೆ. ಬಟನ್ ಒತ್ತಿದಾಗ ಅದು ಟಪ್ಪೆಂದು ಮೇಲೇಳುತ್ತದೆ, ಬೆಳಕು ಹಿಂದಿನ ಸೆನ್ಸರ್ ಮೇಲೆ ಬೀಳುತ್ತದೆ. ಮಸೂರ ಮೂಡಿಸುವ ಪ್ರತಿಬಿಂಬ ತಲೆಕೆಳಗಾಗಿದ್ದರೂ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ನೆಟ್ಟಗೇ ಕಾಣುವುದಕ್ಕೆ ಮೇಲ್ಭಾಗದ ದರ್ಪಣಗಳ ಜೋಡಣೆ ಕಾರಣ. ಬೆಳಕಿನ ದಾರಿ ಎರಡು ಯಂತ್ರಗಳಲ್ಲೂ ಒಂದೇ. ಹನ್ನೆರಡು ವರ್ಷದಲ್ಲಿ ಬದಲಾಗದ್ದೇನು ಎಂಬ ಪ್ರಶ್ನೆಯಿಂದ ಹೋಲಿಕೆ ಆರಂಭವಾಗುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಅಲ್ಲಿಯೇ ಒಬ್ಬ ಹುಡುಗಿ ಎದ್ದು ಕೇಳಿದಳು: 'ಸಾರ್, ನಮ್ಮಣ್ಣ ಮದುವಿ ಫೋಟೋ ತೆಗಿತಾನ. ಅವನದೂ ಇಂಥದೇ ಹಳೇದು. ಬಡ್ಡಿಗೆ ರೊಕ್ಕ ತಂದು ಹೊಸದು ತಗಂತೀನಿ ಅಂತಾನ. ತಗಬೇಕಾ, ಬ್ಯಾಡಾ?' ಆ ಮನೆಯಲ್ಲಿ ಇದರ ಬಗ್ಗೆ ಜಗಳ ನಡೆದಿರುವುದು ಅವಳ ಮಾತಿನ ಧಾಟಿಯಲ್ಲೇ ತಿಳಿಯುತ್ತಿತ್ತು. ತರಗತಿ ಸುಮ್ಮನಾಯಿತು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ಶಿಕ್ಷಕರು ಹೌದು ಅಥವಾ ಬೇಡ ಎಂದರೆ ಆ ಮಾತು ಸಂಜೆ ಮನೆ ಸೇರುತ್ತದೆ, ಸಾಲದ ತೀರ್ಮಾನವಾಗುತ್ತದೆ. ಅದನ್ನು ಹೇಳುವ ಹಕ್ಕು ನಮಗಿಲ್ಲ. ಆದರೆ ಲೆಕ್ಕ ಹಾಕಿ ತೋರಿಸುವುದು ನಮ್ಮ ಕೆಲಸ. 'ನಿಮ್ಮಣ್ಣ ಏನೇನು ಕೆಲಸ ಮಾಡುತ್ತಾನೆ ಹೇಳು' ಎಂದೆ. ಉತ್ತರ ಹಲಗೆಯ ಮೇಲೆ ಬಂತು: ಹಗಲಿನ ಮದುವೆ, ಕಲ್ಯಾಣ ಮಂಟಪದೊಳಗಿನ ರಾತ್ರಿಯ ಆರತಕ್ಷತೆ, ದೊಡ್ಡ ಆಲ್ಬಮ್, ಈಚೆಗೆ ಎಲ್ಲರೂ ಕೇಳುವ ವಿಡಿಯೋ.

ಆಲ್ಬಮ್‌ನಿಂದ ಶುರು ಮಾಡಿದೆವು. 24ನ್ನು 6ರಿಂದ ಭಾಗಿಸಿ 'ನಾಲ್ಕು ಪಟ್ಟು ದೊಡ್ಡ ಫೋಟೋ' ಎಂದು ಹುಡುಗರು ಕೂಗಿದರು. ಇದು ನಿರೀಕ್ಷಿತ ತಪ್ಪು ಕಲ್ಪನೆ, ಎಲ್ಲ ಕಡೆಯೂ ಬರುತ್ತದೆ. ಭತ್ತದ ಸೀಮೆಯ ಮಕ್ಕಳಿಗೆ ನಾಟಿಯ ಉದಾಹರಣೆ ಸಾಕಾಯಿತು. ಸಾಲಿನ ಅಂತರವನ್ನೂ ಸಸಿಯ ಅಂತರವನ್ನೂ ಅರ್ಧ ಮಾಡಿದರೆ ಅದೇ ಮಡಿಗೆ ಎಷ್ಟು ಪಟ್ಟು ಸಸಿ ಬೇಕು? ನಾಲ್ಕು. ಆದರೆ ಒಂದು ಬದುವಿನ ಉದ್ದಕ್ಕೆ ಎಣಿಸಿದರೆ ಎರಡೇ ಪಟ್ಟು. ಹಾಗೆಯೇ ಪಿಕ್ಸೆಲ್‌ಗಳ ಒಟ್ಟು ನಾಲ್ಕು ಪಟ್ಟಾದರೂ ಅಗಲದಲ್ಲಿ 3008 ಎಂಬುದು 6000 ಆಗಿದೆ. ಅಷ್ಟೇ ಸ್ಪಷ್ಟತೆಯಲ್ಲಿ ಪ್ರಿಂಟ್‌ನ ಉದ್ದ ಎರಡು ಪಟ್ಟಾಗಬಲ್ಲದು, ನಾಲ್ಕು ಪಟ್ಟಲ್ಲ.

ಆಲ್ಬಮ್‌ನ ಹಾಳೆ ಬಿಡಿಸಿದರೆ 12×36 ಇಂಚು, ಒಂದು ಪುಟ 18 ಇಂಚು ಎಂದು ಹುಡುಗಿಯೇ ಹೇಳಿದಳು. 18 ಇಂಚಿನ ಪುಟಕ್ಕೆ ಹಳೆಯದು ಇಂಚಿಗೆ 167 ಪಿಕ್ಸೆಲ್ ಕೊಡುತ್ತದೆ, ಹೊಸದು 333. ಒಂದೇ ಚಿತ್ರವನ್ನು 36 ಇಂಚಿಗೆ ಹರಡಿದರೆ ಹಳೆಯದು 84ಕ್ಕೆ ಇಳಿಯುತ್ತದೆ, ಹೊಸದು 167ರಲ್ಲಿ ನಿಲ್ಲುತ್ತದೆ. ಹಾಗಾದರೆ 4×6ರಲ್ಲಿ ಕಾಣದ ವ್ಯತ್ಯಾಸ ಇಲ್ಲಿ ಕಾಣಬೇಕು. ಕಂಡಿತು ಕೂಡ. ಬಳ್ಳಾರಿ ಗುಡ್ಡದ ಚಿತ್ರಗಳನ್ನು 36 ಇಂಚಿನ ಅಳತೆಗೆ ಹಿಗ್ಗಿಸಿ, ಕೋಟೆ ಗೋಡೆಯ ತುಂಡನ್ನಷ್ಟೇ ಪ್ರಿಂಟ್ ಹಾಕಿಸಿ ಒಯ್ದಿದ್ದೆವು. ಈ ಬಾರಿ ಚೀಟಿ ಬರೆಯಿಸುವ ಅಗತ್ಯ ಬೀಳಲಿಲ್ಲ.

ವಿಡಿಯೋ ವಿಷಯದಲ್ಲಿ ವಾದವೇ ಇಲ್ಲ. ಹಳೆಯದರಲ್ಲಿ ವಿಡಿಯೋ ಸೌಲಭ್ಯ ಇಲ್ಲ.

ಆದರೆ ಹಳೆಯದರ ಪರವಾಗಿಯೂ ಅಂಶಗಳು ಬಂದವು, ತರಗತಿ ಕುತೂಹಲದಿಂದ ಕೂತದ್ದು ಆಗಲೇ. ಡಿ70ರ ಶಟರ್ ಸೆಕೆಂಡಿನ 1/8000ರವರೆಗೆ ಹೋಗುತ್ತದೆ, ಹೊಸದರದು 1/4000ಕ್ಕೆ ನಿಲ್ಲುತ್ತದೆ. ಫ್ಲಾಶ್ ಜೊತೆಗೆ ಹಳೆಯದು 1/500ರವರೆಗೆ ಹೊಂದಿಕೊಳ್ಳುತ್ತದೆ, ಹೊಸದು 1/200ರವರೆಗೆ. ಸುಡು ಬಿಸಿಲಿನ ಚಪ್ಪರದಲ್ಲಿ ಮುಖದ ಮೇಲಿನ ನೆರಳನ್ನು ಫ್ಲಾಶಿನಿಂದ ತುಂಬುವವರಿಗೆ ಇದು ಸಣ್ಣ ಮಾತಲ್ಲ. ಇದಕ್ಕಿಂತ ದೊಡ್ಡದು, ಹಳೆಯದರ ದೇಹದೊಳಗೆ ಫೋಕಸ್ ಮೋಟಾರ್ ಇದೆ, ಹೊಸದರಲ್ಲಿ ಇಲ್ಲ. ಹಾಗಾಗಿ 50 ಮಿ.ಮೀ. ಎಫ್/1.8ಡಿ ಮಸೂರ ಹಳೆಯದರಲ್ಲಿ ತಾನೇ ಫೋಕಸ್ ಮಾಡುತ್ತದೆ, ಹೊಸದರಲ್ಲಿ ಕೈಯಿಂದ ತಿರುಗಿಸಬೇಕು. ಹೊಸದರೊಂದಿಗೆ ಬಂದ ಎಎಫ್-ಪಿ ಮಸೂರ ಹಳೆಯದಕ್ಕೆ ಕೂರುತ್ತದೆ, ಆದರೆ ಫೋಕಸ್ ಆಗುವುದಿಲ್ಲ. ಮಕ್ಕಳು ಇದನ್ನು ಮಾಡಿ ನೋಡಿದರು.

ಎಫ್/1.8 ಎಂದರೇನು ಎಂಬುದು ಸಹಜವಾಗಿ ಬಂದ ಮುಂದಿನ ಪ್ರಶ್ನೆ. ಸಂಗಮದೂರವನ್ನು ಮಸೂರದ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು, ಚಿಕ್ಕದಾದಷ್ಟೂ ಬೆಳಕು ಹೆಚ್ಚು. ನಮ್ಮ 18–70 ಮಸೂರದ 70ರ ತುದಿಯಲ್ಲಿ ಅದು 4.5. 4.5ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 6.25. ಕತ್ತಲ ಮಂಟಪದಲ್ಲಿ ಕ್ಯಾಮೆರಾ ಬದಲಿಸದೆ ಮಸೂರ ಬದಲಿಸಿದರೇ ಆರು ಪಟ್ಟು ಬೆಳಕು ಸಿಗುತ್ತದೆ. ಹಲಗೆಯ ಇನ್ನೊಂದು ಮೂಲೆಯಲ್ಲಿ ಬಡ್ಡಿಯ ಲೆಕ್ಕವೂ ಆಯಿತು. ಉದಾಹರಣೆಗೆ 30,000 ರೂಪಾಯಿ ಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದುಕೊಂಡರೆ ತಿಂಗಳಿಗೆ 600, ವರ್ಷಕ್ಕೆ 7,200, ಅಸಲು ಹಾಗೇ ಉಳಿಯುತ್ತದೆ. ವಿಡಿಯೋದಿಂದ ವರ್ಷಕ್ಕೆ ಅದಕ್ಕಿಂತ ಹೆಚ್ಚು ಬರುತ್ತದೆಯೇ ಎಂಬುದನ್ನು ಅಣ್ಣನೇ ಹೇಳಬೇಕು. ಹುಡುಗಿ ಹಲಗೆಯ ಎರಡೂ ಮೂಲೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಕುರುಗೋಡಿನಲ್ಲಿ ಕತ್ತಲೆಯನ್ನೇ ಪಾಠ ಮಾಡಿದೆವು. ದೊಡ್ಡಬಸವೇಶ್ವರ ಗುಡಿಯೊಳಗೆ ಫೋಟೋ ತೆಗೆಯೋಣ ಎಂದು ಮಕ್ಕಳು ಹೇಳಿದರು. ಗುಡಿಯೊಳಗೆ ದೀಪ, ಜನ, ಬಾಗಿಲಿನ ಬೆಳಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಎರಡು ಚಿತ್ರಗಳಿಗೆ ಒಂದೇ ಬೆಳಕು ಸಿಗುವುದಿಲ್ಲ ಎಂದು ಅವರಲ್ಲೇ ಒಬ್ಬ ಆಕ್ಷೇಪಿಸಿದ. ಕೊಠಡಿಯ ಕಿಟಕಿ ಮುಚ್ಚಿ, ಒಂದೇ ಬಲ್ಬ್ ಉರಿಸಿ, ಮೇಜಿನ ಮೇಲೆ ಪುಸ್ತಕಗಳನ್ನು ಜೋಡಿಸಿದೆವು. ಎರಡರಲ್ಲೂ ಐಎಸ್‌ಒ 1600. ಹಳೆಯದರ ಗರಿಷ್ಠ ಅದೇ.

ಬಟನ್ ಒತ್ತುವ ಮೊದಲು ಊಹೆ ಬರೆಯಿಸಿದೆವು, ಊಹೆಗೆ ಮುನ್ನ ಲೆಕ್ಕ. ಹಳೆಯದರ ಸೆನ್ಸರ್ 23.7×15.6 ಮಿ.ಮೀ., ಹೊಸದರದು 23.5×15.6. ಅಂದರೆ ಅಂಗಳ ಒಂದೇ ಅಳತೆಯದು. 23.7ನ್ನು 3008ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ನ ಅಗಲ ಸುಮಾರು 7.9 ಮೈಕ್ರೋಮೀಟರ್. ಹೊಸದರಲ್ಲಿ 3.9. ಅಗಲ ಅರ್ಧ, ಕ್ಷೇತ್ರಫಲ ಕಾಲು ಭಾಗ. ಒಂದೊಂದು ಪಿಕ್ಸೆಲ್‌ಗೆ ಬೀಳುವ ಬೆಳಕೂ ಕಾಲು ಭಾಗ. ಆದ್ದರಿಂದ ಕತ್ತಲೆಯಲ್ಲಿ ಹಳೆಯದೇ ಗೆಲ್ಲಬೇಕು ಎಂದು ಬಹುತೇಕ ಎಲ್ಲರೂ ಬರೆದರು. ತರ್ಕ ಚೊಕ್ಕವಾಗಿತ್ತು.

ಚಿತ್ರ ತೆರೆದಾಗ ಹಿಂದಿನ ಬೆಂಚಿನಿಂದ ಮಾತು ಬಂತು: 'ಹಳೇದರಾಗ ರವಾ ಚೆಲ್ಲಿದಂಗ ಐತಿ ಸಾರ್.' ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ. ಹೊಸದರಲ್ಲಿ ಪುಸ್ತಕದ ಬೆನ್ನಿನ ಅಕ್ಷರಗಳು ನುಣುಪಾಗಿದ್ದವು. ಊಹೆ ಸುಳ್ಳಾಯಿತು, ಯಾಕೆ?

ಮುಂದಿನ ಇಪ್ಪತ್ತು ನಿಮಿಷ ಇಡೀ ಬೋಧನಾಭ್ಯಾಸದಲ್ಲಿ ನಾನು ಕಂಡ ಅತ್ಯುತ್ತಮ ಇಪ್ಪತ್ತು ನಿಮಿಷ. ಪ್ರಶಿಕ್ಷಣಾರ್ಥಿ ಉತ್ತರ ಕೊಡಲಿಲ್ಲ. ಮಳೆಯಲ್ಲಿ ಒಂದು ದೊಡ್ಡ ಬುಟ್ಟಿಯಷ್ಟು ಜಾಗದಲ್ಲಿ ಒಂದು ದೊಡ್ಡ ಪಾತ್ರೆ ಇಡಿ, ಇಲ್ಲವೇ ನಾಲ್ಕು ಚಿಕ್ಕವು ಇಡಿ, ಒಟ್ಟು ನೀರು ಎಷ್ಟು ಎಂದು ಮಾತ್ರ ಕೇಳಿದರು. ಒಟ್ಟು ಒಂದೇ. ಎರಡೂ ಚಿತ್ರಗಳನ್ನು ಒಂದೇ ಅಳತೆಗೆ ಪ್ರಿಂಟ್ ಹಾಕಿದಾಗ ಹೊಸದರ ನಾಲ್ಕು ಪಿಕ್ಸೆಲ್ ಸೇರಿ ಹಳೆಯದರ ಒಂದರ ಜಾಗ ತುಂಬುತ್ತವೆ. ಅಲ್ಲಿಗೆ ಪಂದ್ಯ ಸಮ. ಗೆಲುವಿಗೆ ಬೇರೆ ಕಾರಣ ಬೇಕು. ಪಾತ್ರೆಯೇ ಸೋರಿದರೆ? ಎಂದಳು ಒಬ್ಬಳು. ಅದು ಸರಿಯಾದ ದಾರಿ. ಹಳೆಯದರದು ಸಿಸಿಡಿ ಸೆನ್ಸರ್, ಹೊಸದರದು ಸಿಎಂಒಎಸ್. ಈ ಹನ್ನೆರಡು ವರ್ಷದಲ್ಲಿ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ವಿದ್ಯುತ್ ಸಂಕೇತವಾಗಿಸುವುದೂ, ಆ ಸಂಕೇತವನ್ನು ಓದುವಾಗ ಸೇರುವ ಅಡ್ಡಿ ಸಂಕೇತವನ್ನು ತಗ್ಗಿಸುವುದೂ ಸುಧಾರಿಸಿದವು. ಇಲ್ಲಿ ಪ್ರಶಿಕ್ಷಣಾರ್ಥಿಗಳು ಒಂದು ಮಿತಿಯನ್ನು ಮಕ್ಕಳಿಗೆ ತಿಳಿಸಬೇಕು. ಹೊಸ ಕ್ಯಾಮೆರಾ ಚಿತ್ರವನ್ನು ಉಳಿಸುವ ಮೊದಲು ರವೆಯನ್ನು ಒರೆಸುತ್ತದೆ, ಮೆನುವಿನಲ್ಲಿ ಆಫ್ ಮಾಡಿದರೂ ಸ್ವಲ್ಪ ಒರೆಸುತ್ತಲೇ ಇರುತ್ತದೆ. ಆದ್ದರಿಂದ ನಮ್ಮ ಪ್ರಯೋಗ ಸೆನ್ಸರ್ ಒಂದನ್ನೇ ಅಳೆದಿಲ್ಲ. ಹೆಚ್ಚು ನಿಖರವಾಗಿ ಬೇಕೆಂದರೆ ಎರಡರಲ್ಲೂ ರಾ ಕಡತ ಉಳಿಸಿ ಹೋಲಿಸಬೇಕು.

ಸಾಮಗ್ರಿಯ ಬಗ್ಗೆ ಎರಡು ಮಾತು. ಹಳೆಯದು ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಬಳಸುತ್ತದೆ, ಶಾಲೆಯ ಲ್ಯಾಪ್‌ಟಾಪ್‌ಗೆ ಅದು ಹೋಗುವುದಿಲ್ಲ, ಪ್ರತ್ಯೇಕ ಕಾರ್ಡ್ ರೀಡರ್ ಒಯ್ಯಿರಿ. ಮಸೂರ ಬದಲಿಸುವಾಗ ಫ್ಯಾನ್ ಆರಿಸಿ. ನಮ್ಮ ಕಡೆಯ ಧೂಳು ಸೆನ್ಸರ್ ಮೇಲೆ ಕೂತರೆ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕಿ ಬರುತ್ತದೆ.

ಮೌಲ್ಯಮಾಪನಕ್ಕೆ ಪಟ್ಟಿ ಕೇಳಲಿಲ್ಲ. ಮೂರು ಸನ್ನಿವೇಶ ಕೊಟ್ಟೆವು: ಶಾಲೆಯ ಗುರುತಿನ ಚೀಟಿಗೆ ಭಾವಚಿತ್ರ, ಊರಿನ ಜಾತ್ರೆಯ ರಾತ್ರಿ ಮೆರವಣಿಗೆ, ಮಧ್ಯಾಹ್ನದ ಬಿಸಿಲಲ್ಲಿ ಕಬಡ್ಡಿ. ಪ್ರತಿಯೊಂದಕ್ಕೂ ಯಾವ ಕ್ಯಾಮೆರಾ, ಯಾವ ಮಸೂರ, ಕಾರಣವಾಗಿ ಒಂದು ಸಂಖ್ಯೆ. ಕುರುಗೋಡಿನ ಹುಡುಗನೊಬ್ಬ ಮೊದಲನೆಯದಕ್ಕೆ 'ಎರಡೂ ಬ್ಯಾಡ, ಮೊಬೈಲ್ ಸಾಕು' ಎಂದು ಬರೆದು, ಪಕ್ಕದಲ್ಲಿ ಗುರುತಿನ ಚೀಟಿಯ ಅಳತೆಯನ್ನು 300ರಿಂದ ಗುಣಿಸಿ ತೋರಿಸಿದ್ದ. ಪೂರ್ಣ ಅಂಕ ಕೊಟ್ಟೆವು. ಸಿರುಗುಪ್ಪದ ಹುಡುಗಿಯ ಅಣ್ಣ ಸದ್ಯಕ್ಕೆ ಸೆಕೆಂಡ್ ಹ್ಯಾಂಡ್ 50 ಮಿ.ಮೀ. ಮಸೂರ ಹುಡುಕುತ್ತಿದ್ದಾನಂತೆ. ವಿಡಿಯೋ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ ಎಂದು ಅಲ್ಲಿನ ಮಾರ್ಗದರ್ಶಕ ಶಿಕ್ಷಕರು ತಿಳಿಸಿದರು.