ಗುಂಡಿ ಚಿಕ್ಕದಿರಲಿ, ಮಗಳೇ

ಮೆಟಲ್ ಡಿಟೆಕ್ಟರ್ ಕೊಂಡಾಯಿತು, ಇಂಗ್ಲೆಂಡಿನ ಸಫಕ್ ಕಡೆಯ ರೈತರೊಬ್ಬರು ತಮ್ಮ ಹೊಲದಲ್ಲಿ ಹುಡುಕಲು ಒಪ್ಪಿಗೆಯನ್ನೂ ಕೊಟ್ಟಾಯಿತು, ಇನ್ನು ಗುಂಡಿಯೊಳಗೆ ಲೋಹ ಎಲ್ಲಿದೆಯೆಂದು ತೋರಿಸುವ ಪಿನ್‌ಪಾಯಿಂಟರ್ ಯಾವುದು ತಗೊಳ್ಳಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಒಂದು ಕಂಪನಿಯ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಅದು ಯಾತಕ್ಕೆ ಬೇಕು ಅನ್ನುವುದು ಮನಸ್ಸಿಗೆ ನಾಟಿದರೆ ಯಾವುದು ಬೇಕು ಅನ್ನುವುದನ್ನು ನೀನೇ ಆರಿಸಿಕೊಳ್ಳುತ್ತೀಯ. ನಾನು ಹೇಳುವುದೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಪಿನ್‌ಪಾಯಿಂಟರ್ ಕೈಯಲ್ಲಿದ್ದರೆ ನೀನು ಅಗೆಯುವುದು ಕಡಿಮೆಯಾಗಬೇಕು. ಆ ಕೆಲಸ ಮಾಡದ ಪಿನ್‌ಪಾಯಿಂಟರ್ ಎಷ್ಟು ದುಬಾರಿಯದಾದರೂ ನಿನಗೆ ಬೇಡ.

ಡಿಟೆಕ್ಟರಿನ ಕಾಯಿಲ್ ಸಾಮಾನ್ಯವಾಗಿ ಹತ್ತು ಹನ್ನೊಂದು ಇಂಚು ಅಗಲ ಇರುತ್ತದೆ. ಇಲ್ಲೆಲ್ಲೋ ಲೋಹವಿದೆ ಎಂದು ಅದು ಹೇಳುತ್ತದೆ. ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಬೀಸಿ, ಎರಡು ಗೆರೆ ಕೂಡುವ ಕಡೆ ಗುರುತು ಮಾಡಿಕೊಂಡರೂ ಒಂದೆರಡು ಇಂಚು ಆಚೀಚೆ ಆಗಿಯೇ ಆಗುತ್ತದೆ. ಸಲಿಕೆ ಹಾಕಿ ಎತ್ತಿದರೆ ಕೈತುಂಬ ಜೇಡಿಮಣ್ಣಿನ ಹೆಂಟೆ ಬರುತ್ತದೆ. ಹುಡುಕುತ್ತಿರುವ ವಸ್ತು ಆ ಹೆಂಟೆಯೊಳಗಿದೆಯೋ, ಗುಂಡಿಯ ಗೋಡೆಗೆ ಅಂಟಿದೆಯೋ, ಇನ್ನೂ ತಳದಲ್ಲೇ ಇದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ.

ಆ ವಸ್ತು ಎಷ್ಟು ಚಿಕ್ಕದಿರಬಹುದು ಗೊತ್ತೇ? ಮೂರನೇ ಹೆನ್ರಿಯ ಕಾಲದ ಬೆಳ್ಳಿಯ ಪೆನ್ನಿ ನಮ್ಮ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ತೂಕ ಒಂದೂವರೆ ಗ್ರಾಮಿನೊಳಗೆ. 1247ರಿಂದ ಅದರ ಹಿಂಬದಿಯ ಶಿಲುಬೆಯನ್ನು ಅಂಚಿನವರೆಗೂ ಚಾಚಿ ಟಂಕಿಸುತ್ತಿದ್ದರು. ಚಿಲ್ಲರೆ ಬೇಕಾದಾಗ ಆ ಗೆರೆ ಹಿಡಿದು ಅರ್ಧ ಪೆನ್ನಿ, ಕಾಲು ಪೆನ್ನಿಯಾಗಿ ಕತ್ತರಿಸಿಕೊಳ್ಳುತ್ತಿದ್ದರು. ಮೊದಲನೇ ಎಡ್ವರ್ಡ್ 1279ರಲ್ಲಿ ನಾಣ್ಯ ಸುಧಾರಣೆ ಶುರುಮಾಡಿ ದುಂಡನೆಯ ಬಿಡಿ ನಾಣ್ಯಗಳನ್ನು ತರುವವರೆಗೂ ಇದೇ ರೂಢಿ ಇತ್ತು. ಅಂಥ ಕಾಲು ಪೆನ್ನಿಯ ತುಣುಕು ಮಣ್ಣು ಮೆತ್ತಿಕೊಂಡು ಕೂತರೆ ಕಲ್ಲಿನ ಚೂರಿಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಪಿನ್‌ಪಾಯಿಂಟರ್ ಇಲ್ಲದವರು ಕರಣೆಯಿಂದ ಚುಚ್ಚುತ್ತಾರೆ, ಹೆಂಟೆಯನ್ನು ಹಿಸುಕಿ ಪುಡಿ ಮಾಡುತ್ತಾರೆ, ಗುಂಡಿಯನ್ನು ಮೂರು ಪಟ್ಟು ಅಗಲಿಸುತ್ತಾರೆ. ಏಳು ಶತಮಾನ ನೇಗಿಲಿಗೂ ಗೊಬ್ಬರಕ್ಕೂ ಸಿಕ್ಕಿ ಉಳಿದುಬಂದ ನಾಣ್ಯಕ್ಕೆ ಗೀರು ಬೀಳುವುದು, ಅದು ಮಡಚಿಹೋಗುವುದು ಇಂಥ ಹೊತ್ತಿನಲ್ಲೇ. ಪಿನ್‌ಪಾಯಿಂಟರ್ ಆರಿಸುವಾಗ ಆ ತುಣುಕನ್ನು ಮನಸ್ಸಿನಲ್ಲಿ ಇಟ್ಟುಕೊ.

ಈಗ ಅದು ಕೆಲಸ ಮಾಡುವ ಬಗೆ ಕೇಳು. ಗೇಣುದ್ದದ ಕೋಲು, ತುದಿಯಲ್ಲಿ ಫೆರೈಟ್ ಕಡ್ಡಿಗೆ ಸುತ್ತಿದ ತಂತಿಯ ಸುರುಳಿ. ಸುರುಳಿಯ ಕಾಂತಕ್ಷೇತ್ರ ಹತ್ತಿರದ ಲೋಹದಲ್ಲಿ ಸಣ್ಣ ಸುಳಿವಿದ್ಯುತ್ತನ್ನು ಎಬ್ಬಿಸುತ್ತದೆ, ಅದರಿಂದಾಗುವ ಬದಲಾವಣೆಯನ್ನು ಯಂತ್ರ ಗ್ರಹಿಸಿ ಗುಯ್‌ಗುಡುತ್ತದೆ ಇಲ್ಲವೇ ಅದುರುತ್ತದೆ. ಹತ್ತಿರವಾದಷ್ಟೂ ದನಿ ಬಿರುಸಾಗುತ್ತದೆ. ಒಂದು ನಾಣ್ಯವನ್ನು ಅದು ಗುರುತಿಸುವುದು ಕೆಲವೇ ಸೆಂಟಿಮೀಟರ್ ದೂರದಿಂದ. ಮಾಲ್ ಬಾಗಿಲಲ್ಲಿ ಮೈಮೇಲೆ ಆಡಿಸುವ ಹಲಗೆಯಂಥ ಯಂತ್ರವೂ ಲೋಹ ಹಿಡಿಯುತ್ತದೆ, ಆದರೆ ಅದಕ್ಕೆ ಮೊನೆಯಿಲ್ಲ. ನಿನಗೆ ಬೇಕಾಗಿರುವುದು ಮೊನೆ.

ಜಾಹೀರಾತುಗಳು ದೂರವನ್ನೇ ಹೊಗಳುತ್ತವೆ, ನಮ್ಮದು ಇನ್ನೂ ಒಂದು ಇಂಚು ಆಚೆಯಿಂದ ಹಿಡಿಯುತ್ತದೆ ಎನ್ನುತ್ತವೆ. ಅದಕ್ಕೆ ಮರುಳಾಗಬೇಡ. ಗುಂಡಿಯ ಅಗಲವೇ ಐದಾರು ಇಂಚು. ನಾಲ್ಕು ಇಂಚು ದೂರದಿಂದಲೇ ಕೂಗುವ ಕೋಲನ್ನು ಅದರೊಳಗೆ ಇಳಿಸಿದರೆ ಯಾವ ಗೋಡೆಯ ಕಡೆ ತಿರುಗಿಸಿದರೂ ಕೂಗುತ್ತದೆ. ವಸ್ತು ಎಲ್ಲಿದೆಯೆಂದು ಹೇಳುವ ಬದಲು ಗುಂಡಿಯಲ್ಲಿದೆ ಎನ್ನುತ್ತದೆ, ಅದನ್ನು ಡಿಟೆಕ್ಟರೇ ಹೇಳಿಯಾಗಿದೆ. ಆದ್ದರಿಂದ ಸೂಕ್ಷ್ಮತೆಯನ್ನು ಏರಿಸುವಷ್ಟೇ ಸಲೀಸಾಗಿ ಇಳಿಸಲು ಬರುವಂಥದ್ದನ್ನು ತಗೊ. ಗ್ಯಾರೆಟ್ ಕಂಪನಿಯ ಪ್ರೊ-ಪಾಯಿಂಟರ್ ಎಟಿಯಲ್ಲಿ ಮೂರು ಮಟ್ಟಗಳಿವೆ, ಮಿನೆಲ್ಯಾಬಿನ ಪ್ರೊ-ಫೈಂಡ್ 35ರಲ್ಲಿ ಐದು. ಮೂರೇ ಸಾಕು, ಆದರೆ ಗುಂಡಿಯ ಮೇಲೆ ಬಗ್ಗಿರುವಾಗ ಒಂದೇ ಕೈಯಲ್ಲಿ ಬದಲಾಯಿಸಲು ಬರಬೇಕು.

ಅದಕ್ಕಿಂತ ಮುಖ್ಯವಾದದ್ದು ಬೇಗ ರೀಟ್ಯೂನ್ ಆಗುವ ಗುಣ. ಕೋಲನ್ನು ಲೋಹದ ಹತ್ತಿರ ಹಿಡಿದು ಬಟನ್ ಒತ್ತಿದರೆ, ಆ ಜಾಗದ ಸದ್ದನ್ನೇ ಅದು ಮೌನವೆಂದು ಎಣಿಸಿಕೊಳ್ಳುತ್ತದೆ. ಅಲ್ಲಿಂದ ಇನ್ನೂ ಹತ್ತಿರ ಹೋದರೆ ಮಾತ್ರ ದನಿ ಕೊಡುತ್ತದೆ. ಹೀಗೆ ಒಂದೆರಡು ಸಲ ಮಾಡಿದರೆ ಬೆರಳ ತುದಿಯಷ್ಟು ಜಾಗ ಉಳಿಯುತ್ತದೆ. ಖನಿಜ ಹೆಚ್ಚಿರುವ ನೆಲದಲ್ಲಿ, ಒದ್ದೆ ಮಣ್ಣಿನಲ್ಲಿ ಸುಮ್ಮಸುಮ್ಮನೆ ಕೂಗತೊಡಗಿದರೂ ಇದೇ ಮದ್ದು: ತುದಿಯನ್ನು ಮಣ್ಣಿಗೆ ತಾಗಿಸಿ ಬಟನ್ ಒತ್ತು, ಮಣ್ಣಿನ ಗದ್ದಲ ಅಡಗುತ್ತದೆ. ಅಂಗಡಿಯಲ್ಲಿ ಕೈಗೆ ತಗೊಂಡಾಗ ಮೊದಲು ಇದನ್ನು ಪರೀಕ್ಷೆ ಮಾಡು.

ಪರೀಕ್ಷೆಗೆ ಮನೆಯಿಂದಲೇ ವಸ್ತು ಒಯ್ಯಿ. ಅಮ್ಮನ ಹಳೆಯ ಬೆಳ್ಳಿ ಕಾಲುಂಗುರ, ಒಂದು ಓಲೆಯ ತಿರುಪು, ತೆಳುವಾದ ಬೆಳ್ಳಿ ಸರ, ಒಂದು ತುಕ್ಕು ಹಿಡಿದ ಮೊಳೆ. ಬಾಯಿ ಕೂಡಿದ ಉಂಗುರ ಜೋರಾಗಿ ಕೂಗಿಸುತ್ತದೆ, ಬಾಯಿ ಬಿಟ್ಟದ್ದು ಮೆಲ್ಲಗೆ. ಯಾಕೆಂದರೆ ಸುಳಿವಿದ್ಯುತ್ತು ಸುತ್ತು ಬರಲು ದಾರಿ ಪೂರ್ತಿಯಾಗಿರಬೇಕು. ಸಣ್ಣ ಸಣ್ಣ ಕೊಂಡಿಗಳ ಸರವನ್ನು ಹಿಡಿಯುವುದು ಎಲ್ಲ ಯಂತ್ರಗಳಿಗೂ ಕಷ್ಟ, ಕೊಂಡಿ ಕೊಂಡಿಯೂ ಬೇರೆ ಬೇರೆ ವಸ್ತುವಿನಂತೆ ಕಾಣಿಸುತ್ತದೆ. ಓಲೆಯ ತಿರುಪನ್ನು ತುದಿಯಿಂದ ಒಂದು ಸೆಂಟಿಮೀಟರಿನಲ್ಲಿ ತಪ್ಪದೆ ಹಿಡಿಯುವ ಕೋಲು ಕಾಲು ಪೆನ್ನಿಯನ್ನೂ ಬಿಡುವುದಿಲ್ಲ. ಬರೀ ತುದಿಯಲ್ಲಿ ಹಿಡಿಯುತ್ತದೆಯೋ, ಸುತ್ತಲ ಬದಿಯಲ್ಲೂ ಹಿಡಿಯುತ್ತದೆಯೋ ನೋಡು. ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ಬೀಸಲು ಬದಿ ಬೇಕು, ಹೆಂಟೆಯಲ್ಲಿ ಜಾಗ ಹಿಡಿಯಲು ತುದಿ ಬೇಕು.

ಕಬ್ಬಿಣವನ್ನು ಬೇರೆ ದನಿಯಲ್ಲಿ ತಿಳಿಸುವ ಮಾದರಿಗಳಿವೆ. ಪ್ರೊ-ಫೈಂಡ್ 35ರಲ್ಲಿ ಆ ಸೌಕರ್ಯ ಇದೆ, ಇಸ್ತಾಂಬುಲಿನ ನೋಕ್ಟಾದವರ ಅಕ್ಯುಪಾಯಿಂಟಿನಲ್ಲೂ ಇದೆ. ಉಪಯೋಗವಿದೆ, ಆದರೆ ಅದನ್ನೇ ನಂಬಿ ಗುಂಡಿ ಮುಚ್ಚಬೇಡ. ರೋಮನ್ನರು ನೆಲೆಸಿದ್ದ ಹೊಲಗಳಲ್ಲಿ ಕಬ್ಬಿಣದ ಮೊಳೆಗಳು ಯಥೇಚ್ಛ, ಮೊಳೆಯ ಪಕ್ಕದಲ್ಲೇ ನಾಣ್ಯವೂ ಇರಬಹುದು. ಮೊಳೆಯನ್ನು ತೆಗೆದಿಟ್ಟು ಮತ್ತೊಮ್ಮೆ ಕೋಲಾಡಿಸು.

ದನಿಯಷ್ಟೇ ಕಂಪನವೂ ಮುಖ್ಯ. ಇಲ್ಲಿಯ ಹುಡುಕಾಟವೆಲ್ಲ ಸುಗ್ಗಿ ಮುಗಿದು ಕೂಳೆ ಉಳಿದ ಮೇಲೆ, ಗಾಳಿ ಮಳೆಯ ದಿನಗಳಲ್ಲಿ. ತಲೆಗೆ ಹೆಡ್‌ಫೋನು, ಕೈಗೆ ದಪ್ಪ ಗವಸು. ಗವಸಿನ ಮೇಲೂ ತಿಳಿಯುವಷ್ಟು ಅದುರಬೇಕು, ಗವಸಿನ ಬೆರಳಿಗೂ ಬಟನ್ ಸಿಗಬೇಕು. ಡಿಟೆಕ್ಟರಿನ ಹತ್ತಿರ ತಂದಾಗ ಎರಡೂ ಒಂದಕ್ಕೊಂದು ಕಿರಿಕಿರಿ ಮಾಡುತ್ತವೆಯೋ ನೋಡು. ಅದಕ್ಕೇ ನಿನ್ನ ಡಿಟೆಕ್ಟರನ್ನೂ ಅಂಗಡಿಗೆ ಒಯ್ಯಿ.

ನೀರಿನ ಮಾತು. ನೀನು ನದಿಗೆ ಇಳಿಯದಿದ್ದರೂ ನೀರು ತಡೆಯುವ ಮಾದರಿಯನ್ನೇ ತಗೊ, ಮೆತ್ತಿದ ಜೇಡಿಯನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆಯಬೇಕಾಗುತ್ತದೆ. ಗ್ಯಾರೆಟ್ ಎಟಿಯನ್ನು ಆರು ಮೀಟರ್ ಆಳದ ನೀರಿಗೂ ಒಯ್ಯಬಹುದು, ಪ್ರೊ-ಫೈಂಡ್ 35ನ್ನು ಮೂರು ಮೀಟರಿನವರೆಗೆ. ಮುಚ್ಚಳದ ರಬ್ಬರ್ ಉಂಗುರದಲ್ಲಿ ಒಂದು ಕಾಳು ಮರಳು ಕೂತರೂ ನೀರು ಒಳಗೆ ಹೋಗುತ್ತದೆ, ಬ್ಯಾಟರಿ ಬದಲಿಸಿದಾಗಲೆಲ್ಲ ಒರೆಸು. ನಾರ್ಫಕ್ ಕಡಲತೀರಕ್ಕೆ ಹೋಗುವ ಆಸೆಯಿದ್ದರೆ ಪಲ್ಸ್ ಇಂಡಕ್ಷನ್ ಬಗೆಯದನ್ನು ನೋಡು. ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುವುದರಿಂದ ಒದ್ದೆ ಮರಳಿನಲ್ಲಿ ಬೇರೆ ಬಗೆಯವು ಸುಮ್ಮನೆ ಕೂಗಬಹುದು. ಪಲ್ಸ್ ಬಗೆಯದು ಅಲ್ಲಿ ಶಾಂತವಾಗಿರುತ್ತದೆ. ಫಿಶರ್ ಎಫ್-ಪಲ್ಸ್ ಈ ಜಾತಿಯದು.

ಬ್ಯಾಟರಿಯಲ್ಲಿ ಎರಡು ದಾರಿ. ಗ್ಯಾರೆಟ್‌ಗೆ ಅಂಗಡಿಯಲ್ಲಿ ಸಿಗುವ 9 ವೋಲ್ಟಿನ ಚೌಕ ಬ್ಯಾಟರಿ ಸಾಕು. ಫ್ರಾನ್ಸಿನ ಎಕ್ಸ್‌ಪಿ ಕಂಪನಿಯ ಎಂಐ-6 ಚಾರ್ಜ್ ಮಾಡುವಂಥದ್ದು. ಅದೇ ಕಂಪನಿಯ ಡಿಟೆಕ್ಟರ್ ನಿನ್ನದಾಗಿದ್ದರೆ ತಂತಿಯಿಲ್ಲದೆ ಅದರ ಹೆಡ್‌ಫೋನಿಗೇ ದನಿ ಕಳಿಸುತ್ತದೆ. ಊರಾಚೆಯ ಹೊಲದಲ್ಲಿ ದಿನವಿಡೀ ಇರುವವಳಿಗೆ ಜೇಬಿನಲ್ಲೊಂದು ಹೆಚ್ಚಿನ ಬ್ಯಾಟರಿ ಇಟ್ಟುಕೊಳ್ಳುವ ದಾರಿಯೇ ನೆಮ್ಮದಿ ಎಂಬುದು ನನ್ನ ಅಭಿಪ್ರಾಯ. ಬಣ್ಣ ಕಣ್ಣಿಗೆ ಹೊಡೆಯುವಂತಿರಲಿ. ಗ್ಯಾರೆಟ್ ಎಟಿಯ ಕಿತ್ತಳೆ ಬಣ್ಣ ನೋಡಿ ಇಲ್ಲಿಯವರು ಅದನ್ನು ಕ್ಯಾರೆಟ್ ಎಂದೇ ಕರೆಯುತ್ತಾರೆ. ಕಪ್ಪು ಕೋಲನ್ನು ಉತ್ತ ಹೊಲದಲ್ಲಿ ಮರೆತರೆ ಸಿಕ್ಕುವುದು ದುರ್ಲಭ. ಮರೆತು ಹೋದಾಗ ತಾನೇ ಕೂಗುವ ಸೌಕರ್ಯವೂ ಇರಲಿ, ಸೊಂಟಪಟ್ಟಿಗೆ ಸಿಕ್ಕಿಸುವ ಗಟ್ಟಿ ಒರೆಯೂ ಸುರುಳಿ ದಾರವೂ ಇರಲಿ.

ನೂರು ಪೌಂಡಿನ ಆಸುಪಾಸಿನಿಂದ ಒಳ್ಳೆಯವು ಸಿಗುತ್ತವೆ. ಹೆಸರುವಾಸಿ ಮಾದರಿಗಳ ನಕಲಿಗಳು, ಗ್ಯಾರೆಟಿನ ನಕಲಿಗಳಂತೂ, ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಬಿಕರಿಯಾಗುತ್ತವೆ. ಅಧಿಕೃತ ಡೀಲರ್ ಹತ್ತಿರವೇ ಹೋಗು, ರಸೀದಿ ಇಟ್ಟುಕೊ, ವಾರಂಟಿಗೆ ನೋಂದಾಯಿಸು.

ಕೊಂಡ ಮೇಲೆ ಕೈ ಪಳಗಬೇಕು. ಮೊದಲು ನೆಲದ ಮೇಲೇ ಕೋಲಾಡಿಸು, ಅನೇಕ ವಸ್ತುಗಳು ಮೇಲಿನ ಒಂದು ಇಂಚಿನಲ್ಲೇ ಇರುತ್ತವೆ, ಸಲಿಕೆಯೇ ಬೇಕಾಗುವುದಿಲ್ಲ. ಅಗೆದ ಮೇಲೆ ಗೋಡೆ, ತಳ, ಹೆಂಟೆ, ಗುಡ್ಡೆ ಈ ಕ್ರಮದಲ್ಲಿ ನೋಡು. ತುದಿಯಿಂದ ಮಣ್ಣು ಕೆದಕಬೇಡ, ಗೀಚಬೇಡ, ದನಿ ಬಂದ ಕಡೆ ಬೆರಳಿನಿಂದ ಬಿಡಿಸು. ಸಿಕ್ಕದ್ದನ್ನು ಹೊಲದಲ್ಲಿ ಉಜ್ಜಬೇಡ. ಮುಚ್ಚುವ ಮೊದಲು ಗುಂಡಿಯನ್ನು ಮತ್ತೊಮ್ಮೆ ನೋಡು, ಆಮೇಲೆ ಹುಲ್ಲನ್ನು ಇದ್ದ ಹಾಗೇ ಕೂರಿಸಿ ತುಳಿ. ಹೊಲ ಕೊಟ್ಟವರಿಗೆ ನೀನು ಬಂದು ಹೋದ ಗುರುತೇ ಕಾಣಬಾರದು. ದೊಡ್ಡ ಕಬ್ಬಿಣದ ಸಿಲಿಂಡರಿನಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಫೋನ್ ಮಾಡು. ಎರಡನೇ ಮಹಾಯುದ್ಧದ ವಿಮಾನ ನೆಲೆಗಳಿದ್ದ ಸೀಮೆ ಇದು, ಸಿಡಿಯದ ಗುಂಡುಗಳು ಇನ್ನೂ ಇವೆ.

ಕೋಲು ಒಂದಲ್ಲ, ಎರಡು ಮೂರು ಕಡೆ ಕೂಗಿದರೆ, ನೇಗಿಲು ಮುಟ್ಟದ ಆಳದಲ್ಲಿ ಕೂಗಿದರೆ, ಅಲ್ಲಿಗೇ ನಿಲ್ಲಿಸು. ನೀನು ಹೊರಟಿರುವ ಸಫಕ್‌ನ ಹಾಕ್ಸನ್ ಎಂಬ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ಎರಿಕ್ ಲಾಸ್ ಎಂಬವರು, ರೈತ ಗೆಳೆಯ ಕಳೆದುಕೊಂಡಿದ್ದ ಸುತ್ತಿಗೆ ಹುಡುಕಲು ಡಿಟೆಕ್ಟರ್ ಹಿಡಿದು ಹೋದರು. ಸಿಕ್ಕಿದ್ದು ರೋಮನ್ ನಿಧಿ. ನಾಣ್ಯಗಳು ಕೈಗೆ ಬರತೊಡಗಿದ ಮೇಲೂ ಅವರು ಪೂರ್ತಿ ಬಗೆಯದೆ ನಿಲ್ಲಿಸಿ ಸುದ್ದಿ ಕೊಟ್ಟರು. ಪುರಾತತ್ತ್ವದವರು ಬಂದು ಅಗೆದಾಗ ಹದಿನಾಲ್ಕು ಸಾವಿರಕ್ಕೂ ಹೆಚ್ಚು ನಾಣ್ಯಗಳು, ಬಂಗಾರದ ಒಡವೆಗಳು, ಬೆಳ್ಳಿಯ ಚಮಚಗಳು ಇಟ್ಟ ಜಾಗದಲ್ಲೇ ಕಂಡವು. ಅವನ್ನೆಲ್ಲ ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿದ್ದರು ಎಂಬುದೂ ತಿಳಿಯಿತು. ಆ ಅರಿವು ನಾಣ್ಯಗಳಷ್ಟೇ ಬೆಲೆಯುಳ್ಳದ್ದು, ಒಬ್ಬರು ಕೈ ತಡೆದದ್ದರಿಂದ ಉಳಿಯಿತು. ನಿಧಿಯ ಜೊತೆಗೆ ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಕಾನೂನು ಕೂಡ ಇದನ್ನೇ ಕೇಳುತ್ತದೆ. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ಮುನ್ನೂರು ವರ್ಷಕ್ಕಿಂತ ಹಳೆಯ ಬೆಳ್ಳಿ ಬಂಗಾರದ ವಸ್ತು, ಒಂದೇ ಕಡೆ ಸಿಕ್ಕ ಅಂಥ ಎರಡು ನಾಣ್ಯ ಸಹ, ನಿಧಿಯಾಗುತ್ತದೆ. ಹದಿನಾಲ್ಕು ದಿನದೊಳಗೆ ಕೊರೋನರ್‌ಗೆ ತಿಳಿಸಬೇಕು. ಒಂಟಿ ನಾಣ್ಯವನ್ನೂ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮಿನ ಅಧಿಕಾರಿಗೆ ತೋರಿಸಿ ದಾಖಲು ಮಾಡಿಸು. ಜಾಗವನ್ನು ನಿಖರವಾಗಿ ಬರೆದುಕೊ, ಜಾಗದ ಗುರುತಿಲ್ಲದ ನಾಣ್ಯ ಚರಿತ್ರೆಗೆ ಹೆಚ್ಚೇನೂ ಹೇಳಲಾರದು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಹಿಡಿಯುವುದೇ ಅಪರಾಧ.

ರಜೆಗೆ ಊರಿಗೆ ಹೋಗುವಾಗ ಮಾತ್ರ ಈ ಸಾಮಾನು ಇಲ್ಲೇ ಇರಲಿ. ಭಾರತದಲ್ಲಿ 1878ರ ನಿಧಿ ಕಾಯಿದೆ ಇಂದಿಗೂ ಇದೆ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ನಿಧಿಯಾಸೆಗೆ ಹಾಳುಗುಡಿಗಳ ನಂದಿಯನ್ನು ಒಡೆದವರ, ಗರ್ಭಗುಡಿ ಅಗೆದವರ ಸುದ್ದಿ ನಮ್ಮೂರ ಪತ್ರಿಕೆಗಳಲ್ಲಿ ನೀನೂ ಓದಿದ್ದೀಯ. ಹಂಪಿಗೋ ಐಹೊಳೆಗೋ ಹೋದರೆ ಕಣ್ಣಿನಿಂದ ನೋಡಿ ಬಾ, ಯಂತ್ರ ಬೇಡ.

ಹೆಸರೇ ಹೇಳು ಎಂದರೆ, ಉತ್ತ ಹೊಲದಲ್ಲಿ ಶುರುಮಾಡುವ ನಿನ್ನಂಥವಳಿಗೆ ಗ್ಯಾರೆಟ್ ಎಟಿ ಸಾಕು. ಡಿಟೆಕ್ಟರ್ ಎಕ್ಸ್‌ಪಿಯದಾದರೆ ಎಂಐ-6. ಆದರೆ ಅಂಗಡಿಯಲ್ಲಿ ನಿನ್ನ ಕೈಗೆ, ನಿನ್ನ ಗವಸಿಗೆ, ನಿನ್ನ ಓಲೆಯ ತಿರುಪಿಗೆ ಬೇರೆ ಯಾವುದಾದರೂ ಸರಿಯೆನಿಸಿದರೆ ನನ್ನ ಮಾತಿಗಿಂತ ಆ ಪರೀಕ್ಷೆಯನ್ನೇ ನಂಬು. ಆಮೇಲೆ ವಾರಕ್ಕೊಮ್ಮೆ ನಿನ್ನ ಗುಂಡಿಗಳನ್ನು ನೋಡಿಕೊ. ಅವು ಚಿಕ್ಕದಾಗುತ್ತ ಬಂದರೆ ಸರಿಯಾದದ್ದನ್ನೇ ಕೊಂಡಿದ್ದೀಯ, ಸರಿಯಾಗಿಯೇ ಬಳಸುತ್ತಿದ್ದೀಯ.