ಸೈನಾಪ್ಸ್ ಪಾಠಕ್ಕೆ ಹುಣಸೆಬೀಜ ಮತ್ತು ಹಾವಿನ ವಿಷ

ಹತ್ತನೇ ತರಗತಿಯ ನರವ್ಯೂಹದ ಪಾಠದಲ್ಲಿ ನರಕೋಶದ ಚಿತ್ರ ಬರೆದು ಭಾಗ ಗುರುತಿಸುವುದಕ್ಕೇ ಅವಧಿಯ ಬಹುಪಾಲು ಮುಗಿಯುತ್ತದೆ. ಸೈನಾಪ್ಸ್‌ಗೆ ಉಳಿಯುವುದು ಎರಡು ವಾಕ್ಯ. ಹೀಗಾಗಿ ತಂತಿಯಲ್ಲಿ ಕರೆಂಟು ಹರಿದಂತೆ ಸಂದೇಶ ಒಂದು ಕೋಶದಿಂದ ಇನ್ನೊಂದಕ್ಕೆ ಹರಿಯುತ್ತದೆ ಎಂದೇ ಮಕ್ಕಳು ತಿಳಿಯುತ್ತಾರೆ. ಮರಳೂರಿನ ಅಭ್ಯಾಸ ಬೋಧನೆಯಲ್ಲಿ ಆ ಎರಡು ವಾಕ್ಯಕ್ಕೆ ಪೂರ್ತಿ ಒಂದು ಅವಧಿ ಇಟ್ಟುಕೊಂಡೆ.

ಬೋಧನೋಪಕರಣ: ಒಂದು ಹಿಡಿ ಹುಣಸೆಬೀಜ, ನಾಲ್ಕು ಲೋಟ. ತುಮಕೂರಿನಲ್ಲಿ ಇವೆರಡಕ್ಕೂ ಬರವಿಲ್ಲ. ಎರಡು ಬೆಂಚುಗಳ ನಡುವೆ ಗೇಣು ಜಾಗ ಬಿಟ್ಟೆವು. ಈಚೆ ಬೆಂಚು ನರದ ತುದಿ, ಆಚೆಯದು ಸ್ನಾಯು. ವಿದ್ಯುತ್ ಸಂದೇಶ ನರದ ತುದಿ ಮುಟ್ಟಿದೊಡನೆ ಕ್ಯಾಲ್ಸಿಯಂ ಒಳಗೆ ಬರುತ್ತದೆ, ಪುಟ್ಟ ಚೀಲಗಳು ಒಡೆದು ಅಸಿಟೈಲ್‌ಕೋಲಿನ್ ಹೊರಬೀಳುತ್ತದೆ. ಅದೇ ಹುಣಸೆಬೀಜ. ಲೋಟಗಳು ಗ್ರಾಹಕಗಳು. ಬೀಜ ಲೋಟಕ್ಕೆ ಬಿದ್ದರೆ ಸ್ನಾಯು ಸಂಕುಚಿಸುತ್ತದೆ. ಕೂಡಲೇ ಒಬ್ಬ ವಿದ್ಯಾರ್ಥಿ ಬೀಜ ಆಯ್ದು ತೆಗೆಯಬೇಕು, ಅವನು ಕಿಣ್ವ. ಲೋಟ ಆಚೆ ಮಾತ್ರ ಇರುವುದರಿಂದ ಸಂದೇಶ ಹಿಂದಕ್ಕೆ ಬರುವುದಿಲ್ಲ ಎಂದು ಮಕ್ಕಳೇ ಹೇಳಿದರು. ನಿಜವಾದ ಅಂತರ ಮಿಲಿಮೀಟರಿನ ಲಕ್ಷದಲ್ಲಿ ಕೆಲವೇ ಭಾಗ ಎಂದಾಗ ಗೇಣು ಜಾಗ ನೋಡಿ ನಕ್ಕರು.

ಇಲ್ಲಿಯವರೆಗೆ ಆಟ. ಆಮೇಲೆ ಲೋಟಗಳ ಬಾಯಿಗೆ ಕಾಗದ ಮುಚ್ಚಿದೆ. ಬೀಜ ಬಿದ್ದರೂ ಒಳಗೆ ಹೋಗಲಿಲ್ಲ. ನಾಗರಹಾವಿನ ವಿಷ ಮಾಡುವುದು ಇದನ್ನೇ: ಗ್ರಾಹಕವನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷ ಮುಖ್ಯವಾಗಿ ಈಚೆ ದಡದಲ್ಲೇ ಕೆಲಸ ಮಾಡಿ, ಬೀಜ ಎಸೆಯುವ ನರತುದಿಯನ್ನೇ ಹಾಳುಗೆಡವುತ್ತದೆ. ಅದಕ್ಕೇ ಪ್ರತಿವಿಷ ಕೊಟ್ಟ ಮೇಲೂ ನರತುದಿ ಮತ್ತೆ ಬೆಳೆಯುವ ತನಕ ರೋಗಿ ದಿನಗಟ್ಟಲೆ ಕೃತಕ ಉಸಿರಾಟದಲ್ಲಿ ಇರಬೇಕಾಗಬಹುದು.

ಈ ಭಾಗಕ್ಕೆ ಅವಸರ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ನೆಲದ ಮೇಲೆ ಮಲಗುವವರಿದ್ದಾರೆ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ. ನೋವು ಕಡಿಮೆ, ಗುರುತೂ ಕಾಣದಿರಬಹುದು. ಬೆಳಿಗ್ಗೆ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ, ತೊದಲು ಮಾತು. ‘ನಿದ್ದೆಗಣ್ಣು, ಮಲಗಲಿ ಬಿಡಿ’ ಎಂದರೆ ಹೊತ್ತು ಮೀರುತ್ತದೆ. ಅದು ನಿದ್ದೆಯಲ್ಲ. ಮಗುವಿಗೆ ಎಚ್ಚರವಿರುತ್ತದೆ, ಮಾತು ಕೇಳಿಸುತ್ತಿರುತ್ತದೆ, ಆದರೆ ರೆಪ್ಪೆ ಎತ್ತುವ ಸ್ನಾಯುವಿಗೆ ಸಂದೇಶ ದಾಟುತ್ತಿಲ್ಲ. ಮುಂದಿನ ಸರದಿ ಉಸಿರಾಟದ ಸ್ನಾಯುಗಳದು. ಹಗ್ಗ ಬಿಗಿಯುವುದು, ಕುಯ್ಯುವುದು ಯಾವುದೂ ಬೇಡ, ಪ್ರತಿವಿಷ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಬೇಕು ಎಂದು ಕಪ್ಪುಹಲಗೆಯ ಮೇಲೆ ಬರೆಸಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದನ್ನೂ ತಿಳಿಸಿದೆ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. ‘ಬೀಜ ಆಯುವವನ ಕೈ ಕಟ್ಟಿಹಾಕಿದರೆ ಏನಾಗುತ್ತದೆ?’ ಎಂದು ಕೇಳಿದೆ. ಲೋಟ ತುಂಬುತ್ತಲೇ ಹೋಗುತ್ತದೆ, ಸ್ನಾಯು ಸುಮ್ಮನಾಗುವುದಿಲ್ಲ ಎಂಬ ಉತ್ತರ ಬಂತು. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳು ಆ ಕಿಣ್ವವನ್ನೇ ತಡೆಯುತ್ತವೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಹಂಗಾರೆ ಔಷಧಿ ಹೊಡೆಯೋರಿಗೆ ಬೆವರು, ಜೊಲ್ಲು ಸುರಿದು ಮೈ ಅದುರೋದು ಇದಕ್ಕೇನಾ ಸಾರ್?’ ಎಂದ. ಮಾರನೆಯ ದಿನದ ಪಾಠ ಯೋಜನೆಗೆ ಅದೇ ಪೀಠಿಕಾ ಪ್ರಶ್ನೆಯಾಯಿತು.